ಗೋಡೆಗೂ ಬೀರುವಿಗೂ ನಡುವೆ

ನಾಪೋಕ್ಲು ಆಸ್ಪತ್ರೆಯ ಹಿಂದೆ, ಕ್ವಾರ್ಟರ್ಸು ನಂಬರ್ ನಾಲ್ಕು.
ಜೂನ್ ಹನ್ನೊಂದಕ್ಕೆ ಬಂದಿಳಿದೆ, ಮಸ್ಕಿಯಿಂದ,
ಒಂದು ಬೀರು, ಒಂದು ಸ್ಟೂಲು,
ಅವ್ವ ಕಟ್ಟಿಕೊಟ್ಟ ಅರವತ್ತು ಖಡಕ್ ರೊಟ್ಟಿ.
ನಮ್ಮ ಕಡೆ ಅವು ತಿಂಗಳುಗಟ್ಟಲೆ ಇರುತ್ತವೆ,
ಬೆರಳಿಂದ ಬಡಿದರೆ ಹಲಗೆಯ ಸದ್ದು.
ಇಲ್ಲಿ ನಾಲ್ಕನೆಯ ದಿನಕ್ಕೆ ಮೆತ್ತಗಾದವು,
ಏಳನೆಯ ದಿನ ಮೀಸೆ ಚಿಗುರಿತು.

ಬೂರಸು ಬಂದಾದವ್ವ, ಎಂದೆ ಫೋನಿನಲ್ಲಿ.
ಬಿಸಿಲಿಗಿಡು, ಎಂದಳು.
ಯಾವ ಬಿಸಿಲಿಗೆ?

ಆಮೇಲೆ ಚಪ್ಪಲಿ. ಬೆಲ್ಟು. ಕನ್ನಡಕದ ಡಬ್ಬಿ.
ಡಿಪ್ಲೊಮಾ ಸರ್ಟಿಫಿಕೇಟಿನ ಫೋಟೋದಲ್ಲಿ
ನಗು ಬಿಟ್ಟು ಎಡಗೆನ್ನೆ ಮಾತ್ರ ತಿಂದಿತ್ತು.
ಅಕ್ಕನ ಮದುವೆಗೆ ಕೊಟ್ಟ ಇಳಕಲ್ ಸೀರೆಯ
ಮಡಿಕೆ ಮಡಿಕೆಯಲ್ಲೂ
ಯಾರೋ ಹಿಟ್ಟು ಜರಡಿ ಹಿಡಿದು ಹೋದ ಹಾಗೆ.

ಕೆಲಸ ನನ್ನದು ಲ್ಯಾಬಿನಲ್ಲಿ: ರಕ್ತ, ಕಫ, ಮೂತ್ರ.
ಕಣ್ಣಿಗೆ ಕಾಣದ್ದನ್ನು ಕಂಡು, ಎಣಿಸಿ, ಬರೆದುಕೊಡುವುದು.
ರೋಗಿಗಳೂ ಬಾರದ ಒಂದು ಮಧ್ಯಾಹ್ನದ ಮಳೆಯಲ್ಲಿ
ಗೋಡೆಗೊಂದು ಸೆಲೋಟೇಪಿನ ತುಂಡೊತ್ತಿ, ಕಿತ್ತು,
ನೀಲಿ ಬಣ್ಣದ ಹನಿಯಿಟ್ಟು ಮೈಕ್ರೋಸ್ಕೋಪಿನ ಕೆಳಗೆ ನೋಡಿದೆ.
ಅಯ್ಯ, ಊರು ಅದು!
ದಾರ ದಾರ ಹೆಣೆದುಕೊಂಡ ಓಣಿಗಳು,
ಅಲ್ಲಲ್ಲಿ ಎದ್ದು ನಿಂತ ಕಡ್ಡಿ,
ಕಡ್ಡಿಯ ತುದಿಗೆ ತೆನೆ.
ಎಳ್ಳಮಾಸಿ ಹೊತ್ತಿಗೆ ನಮ್ಮ ಬಿಳಿಜೋಳ
ಹೀಗೇ ಒತ್ತೊತ್ತಾಗಿ ಕಾಳು ಕಟ್ಟುತ್ತದೆ.
ಸುಳ್ಳು ಯಾಕೆ, ಒಂದು ಗಳಿಗೆ ಹೊಲಕ್ಕೆ ಹೋಗಿ ಬಂದೆ.
ಆಮೇಲೆ ಸೀನು ಬಂತು.

ಕಕ್ಕಡದ ಹತ್ತೊಂಬತ್ತನೆಯ ಬೆಳಿಗ್ಗೆ
ಟೇಬಲ್ಲಿನ ಮೇಲೆ ಹದಿನಾಲ್ಕು ಮೂತ್ರದ ಬಾಟಲಿ,
ಹದಿನಾಲ್ಕೂ ಕೆಂಪು.
ಡಾಕ್ಟರನ್ನು ಕರೆಯಲು ಓಡುತ್ತಿದ್ದವಳನ್ನು
ಹೆರಿಗೆ ವಾರ್ಡಿನ ಆಯಾ ಪೊನ್ನವ್ವ ತಡೆದು ನಕ್ಕಳು:
‘ಮದ್ದು ಸೊಪ್ಪಿನ ಪಾಯಸ, ಮೇಡಂ.
ನಿನ್ನೆ ನಾಡಿಗೆ ನಾಡೇ ಕುಡಿದಿದೆ.’
ನನಗೂ ಒಂದು ಡಬ್ಬಿ ತಂದಿದ್ದಳು, ನೇರಳೆ ಬಣ್ಣ, ಬೆಲ್ಲದ ಘಮ.
ಮರುದಿನ ನಾನೂ ಈ ಊರಿನವಳೆಂಬುದಕ್ಕೆ
ರುಜುವಾತು ಸಿಕ್ಕಿತು.

ಡಬ್ಬಿ ಒಯ್ಯಲು ಬಂದವಳು
ಗೋಡೆ ನೋಡಲಿಲ್ಲ. ಕಿಟಕಿ ನೋಡಿದಳು.
‘ಯಾವಾಗ ಮುಚ್ಚಿದ್ದು?’
ಬಂದ ದಿನ, ಎಂದೆ. ಚಳಿಯಲ್ಲ?
ನೀರು ಕಾಯಿಸುವುದು ಒಳಗೆ, ಬಟ್ಟೆಯ ಹಗ್ಗ ಒಳಗೆ,
ಸೂರಂತೂ ಸೋರುತ್ತಿಲ್ಲ,
ಮತ್ತೆ ಈ ಗೋಡೆಗೆ ನೀರು ಎಲ್ಲಿಂದ?
ಪೊನ್ನವ್ವ ಕನ್ನಡಿಯ ಹತ್ತಿರ ಹೋಗಿ ‘ಹಾ’ ಎಂದಳು.
ಕನ್ನಡಿ ಕುರುಡಾಯಿತು.
‘ಇಲ್ಲಿಂದ.’

ನಮ್ಮಲ್ಲಿ ನೀರೆಂದರೆ ಕೊಡದ ಲೆಕ್ಕ.
ಉಸಿರಿಗೂ ಒಂದು ಕೊಡ ಇದೆಯೆಂದು
ಯಾರೂ ಹೇಳಿರಲಿಲ್ಲ.

ಇಬ್ಬರೂ ಸೇರಿ ಬೀರು ಎಳೆದೆವು.
ಹಿಂದೆ ಕಪ್ಪು, ಆಳೆತ್ತರ, ಬೀರುವಿನದೇ ಆಕಾರ,
ಅದು ಎದ್ದು ಹೋದ ಮೇಲೂ ಉಳಿದ ನೆರಳಿನಂತೆ.
ಪೊರಕೆ ತಂದೆ.
‘ಒಣ ಪೊರಕೆಯಾ? ಹೊಡೆಯಿರಿ, ಹೊಡೆಯಿರಿ,
ಅದಕ್ಕೆ ಬೇಕಾದದ್ದೇ ಅದು, ಮನೆತುಂಬ ಬಿತ್ತನೆ!’
ಬಾಯಿಗೆ ಬಟ್ಟೆ, ಕೈಗೆ ವಾರ್ಡಿನ ಗ್ಲೌಸು,
ಸೋಪಿನ ನೀರಲ್ಲಿ ಅದ್ದಿದ ಹಳೇ ಟವೆಲು;
ಒರೆಸಿ, ಒಣಗಿಸಿ, ಟವೆಲನ್ನು ಒಲೆಗೆ ಹಾಕಿದೆವು.
ಉಗುರಿಂದ ಕೆರೆದರೆ ಗೋಡೆಯಲ್ಲಿ ಬಣ್ಣದ ಐದು ಪದರ:
ಹಸಿರು, ಕೆನೆ, ಗುಲಾಬಿ, ಮತ್ತೆ ಹಸಿರು, ಬಿಳಿ.
ನನಗಿಂತ ಮುಂಚೆ ಐದು ಮಂದಿ
ನೋಡಲಾರದೆ ಬಳಿದು ಮುಚ್ಚಿದ್ದಾರೆ.
ಬೀರುವನ್ನು ಮತ್ತೆ ನೂಕುವಾಗ ಅವಳು ಕೈ ಅಡ್ಡ ಹಿಡಿದಳು,
ಹೆಬ್ಬೆರಳಿಂದ ಕಿರುಬೆರಳಿಗೆ ಒಂದು ಗೇಣು.
‘ಇಷ್ಟು ಬಿಡಿ. ಗಾಳಿಗೂ ನಡೆದಾಡಲು ದಾರಿ ಬೇಡವಾ?’

ಈಗ ಬೀರುವಿನೊಳಗೆ ನಲವತ್ತು ವ್ಯಾಟಿನ ಬಲ್ಬು,
ರಾತ್ರಿಯಿಡೀ ಸೀರೆಗಳಿಗೆ ಕಾವು ಕೊಡುತ್ತದೆ.
ಅಗ್ಗಿಷ್ಟಿಕೆಯ ಕೆಂಡದ ಮೇಲೆ ಬಿದಿರ ಬುಟ್ಟಿ ಕವುಚಿ
ಮೇಲೆ ಒಳಲಂಗ, ಕಾಲುಚೀಲ;
ಡ್ಯೂಟಿಗೆ ಹೋದರೆ ನಾನು ಹೊಗೆಯ ವಾಸನೆ.
ದಿನಕ್ಕೆ ಎರಡು ಹೊತ್ತು ಕಿಟಕಿ ತೆರೆಯುತ್ತೇನೆ,
ಹಲ್ಲು ಕಟಕಟ ಎಂದರೂ.

ಕೈಲ್‌ಪೋಳ್ದಿಗೆ ಮೂರು ದಿನ ಮುಂಚೆ
ಮುಕ್ಕಾಲು ಗಂಟೆ ಬಿಸಿಲು ಬಂತು.
ಇಡೀ ಓಣಿ ಹೊರಗೆ ಓಡಿತು, ದಿಂಬು, ಕೋವಿಯ ಚೀಲ,
ಸ್ಕೂಲು ಬ್ಯಾಗು, ಯಾರದೋ ಮದುವೆಯ ಆಲ್ಬಂ.
ನಾನು ಖಾಲಿ ರೊಟ್ಟಿ ಡಬ್ಬಿ ತಂದು ಬಾಯಿ ತೆರೆದಿಟ್ಟೆ.

ಹೋಯ್ತೇನು ಬೂರಸು? ಅವ್ವ ಕೇಳುತ್ತಾಳೆ.
ಇಲ್ಲವ್ವ, ಸರಿದು ಕೂತಾದ.
ಆ ಸ್ಲೈಡು ಮಾತ್ರ ಇನ್ನೂ ಡ್ರಾಯರಿನಲ್ಲಿದೆ;
ರೋಗಿಯ ಹೆಸರಿನ ಜಾಗದಲ್ಲಿ ಏನು ಬರೆಯಲಿ ಎಂದು
ತುಂಬ ಹೊತ್ತು ಯೋಚಿಸಿ,
ಪೆನ್ನಿನ ಮುಚ್ಚಳ ಹಾಕಿದ್ದೆ.